ಶಾಂತಯ್ಯ ಸರ್ ಮನಿ ಎಮ್ಮಿ

ಎಮ್ಮಿ ಇಲ್ಲದ ಮನ್ಯಾಗ ಎಮ್ಮಿ ಹುಡುಕಾಕ ಮಹಾನಗರ ಪಾಲಿಕಿ ಸಾಹೇಬ್ರು ಬಂದದ್ದು ಇಡೀ ಧಾರವಾಡದಾಗ ನಮ್ಮ ಸಪ್ತಾಪುರದ ಓಣ್ಯಾಗ ಅಷ್ಟ ಇರಬೇಕು. ಅದನ್ನ ಊರಿಗೆಲ್ಲಾ ಹೇಳ್ಕೋಂತ ಅಡ್ಡಾಡಾಕ ಅದೇನು ಹೆಮ್ಮಿ ಸುದ್ದಿ ಏನ್ರಿ ಅಂತ ನನ್ನ ಹೆಂಡ್ತಿ ಸಾರಾ ಬೈತಾಳ. ಹೆಮ್ಮಿದಲ್ಲ ತಗೀ, ನಾಚಿಕಿದು. ನಾಚಿಕಿ ಆಗಬೇಕಾದದ್ದು ಬಾಜೂ ಮನಿ ಶಾಂತಯ್ಯ ಸರ್‌ಗೆ. ಆದ್ರ ಅವರ ಗ್ವಾಡಿಗೆ ನಮ್ಮ ಗ್ವಾಡಿ ಹತ್ತೇತಿ, ಹಿಂಗಾಗಿ ಒಂದೀಟು ನಮಗೂ ಬಂತು.

ಶಾಂತಯ್ಯ ಸರ್ ಪಿ.ಯು. ಕಾಲೇಜಿನ್ಯಾಗ ಕೆಮಿಸ್ಟ್ರಿ ಕಲಿಸಿ ರಿಟೈರ್ ಆದವ್ರು. ಮನಷ್ಯಾ ಛಲೋ, ದನಿ ಮಾತ್ರ ಜೋರು. ಹಿಂದಿನ ಬೆಂಚಿನವರಿಗೆ ಕೇಳಲಿ ಅಂತ ಬೆಳೆಸಿದ ದನಿ, ಈಗ ಹಿಂದಿನ ಓಣಿಗೂ ಕೇಳತೈತಿ. ಜಗತ್ತಿನ್ಯಾಗ ಇರೋ ಎಲ್ಲಾದರ ಬಗ್ಗೆ ಅವರ ಹಂತ್ಯಾಕ ಒಂದು ಅಭಿಪ್ರಾಯ ಐತಿ, ಕೇಳದಿದ್ರೂ ಕೊಡ್ತಾರ. ಮುಂಜಾನೆ ನಾವು ನಾಕಾರು ಮಂದಿ ಯುನಿವರ್ಸಿಟಿ ಗುಡ್ಡಕ್ಕ ವಾಕಿಂಗ್ ಹೋಗ್ತೇವಿ. ಆ ವಾರ ಪೂರ್ತಿ ಅಲ್ಲಿ ಎಲುಬಿನ ಮ್ಯಾಲೆ ಭಾಷಣ ನಡದಿತ್ತು, ಯಾಕಂದ್ರ ನಮ್ಮ ಓಣಿ ಹಾಲ್‌ನ್ಯಾಗ ಎಲುಬು ತಪಾಸಣಿ ಶಿಬಿರ ಇಟ್ಟಿದ್ರು.

"ಎಲುಬು ಸವೆಯೋದು ಹೆಣ್ಮಕ್ಕಳ ಬಾಬತ್ತು, ವಿಕ್ಟರ್ ಸರ್," ಅಂದ್ರು ನನಗ. "ಗಂಡಸರಿಗೂ ಅದಕ್ಕೂ ಸಂಬಂಧನ ಇಲ್ಲ. ನನ್ನ ನೋಡ್ರಿ." ತಮ್ಮ ತೊಡಿ ಮ್ಯಾಲೆ ತಾವ ಪಟಾರ್ ಅಂತ ಹೊಡಕೊಂಡ್ರು. "ಕಬ್ಬಿಣ!"

ಎಲುಬು ಕಬ್ಬಿಣದಿಂದ ಆಗಿರೂದಿಲ್ಲ ಅಂತ ಕೆಮಿಸ್ಟ್ರಿ ಕಲಿಸಿದವರಿಗೆ, ಮಿಷನ್ ಸಾಲ್ಯಾಗ ಡ್ರಾಯಿಂಗ್ ಮಾಸ್ತರ ಆಗಿದ್ದ ನಾ ಹೆಂಗ ಹೇಳಬೇಕ್ರಿ?

ಶಿಬಿರಕ್ಕ ಬಂದ ಡಾಕ್ಟರು ಸೆಲಿನಾ, ನಮ್ಮ ಚರ್ಚಿನ ಹುಡುಗಿ. ಹಿಮ್ಮಡ ಇಟ್ರ ಎಲುಬಿನ ಗಟ್ಟಿತನ ತೋರಿಸೋ ಮಷೀನು ತಂದಿದ್ಲು. ಸರ್ ತಮ್ಮ ಮಾತಿಗೆ ಪುರಾವೆ ಆಗಲಿ ಅಂತ ಹೆಂಡ್ತಿ ದಾಕ್ಷಾಯಿಣಿ ಅಕ್ಕಾರನ್ನ ಕರಕೊಂಡು ಬಂದಿದ್ರು. ಅಕ್ಕಾರು ಹಿಮ್ಮಡ ಇಟ್ರು, "ಒಲಿ ಮ್ಯಾಲೆ ಹಾಲಿಟ್ಟು ಬಂದೇನ್ರಿ" ಅಂತ ಮನಿಗೆ ಓಡಿದ್ರು. ಸರೂ ಹಿಮ್ಮಡ ಇಟ್ರು. ಆಮ್ಯಾಲೆ ಡಾಕ್ಟರು ಸರ್‌ನ ಒಬ್ಬರನ್ನ ಒಳಗಿನ ಖೋಲಿಗೆ ಕರದ್ಲು. ಅಲ್ಲಿ ಏನಾತು ಅನ್ನೋದನ್ನ ಸರ್ ನನಗ ಎಲ್ಲಾ ಮುಗದ ಮ್ಯಾಲೆ, ನನ್ನ ಮುಖಾ ನೋಡಲಾರದ, ನೆಲಾ ನೋಡ್ಕೋಂತ ಹೇಳಿದ್ರು.

"ಅಂಕಲ್, ಆಂಟಿ ಎಲುಬು ಭಾಳ ಛಲೋ ಅದಾವ್ರಿ, ಇಪ್ಪತ್ತರ ಹುಡುಗಿಯವು ಇದ್ದಂಗ. ನಿಮ್ಮವು ಸವದಾವು. ಊಟ ಆದ ಮ್ಯಾಲೆ ಕ್ಯಾಲ್ಸಿಯಂ ಗುಳಿಗಿ ತಗೋರಿ, ವಾರಕ್ಕೊಮ್ಮೆ ಡಿ ವಿಟಮಿನ್ ಪುಡಿ ಹಾಲಿನ್ಯಾಗ ಹಾಕ್ಕೋರಿ. ಜಾರಿ ಬೀಳದಂಗ ನೋಡ್ಕೋರಿ," ಅಂದಿದ್ಲು.

ಸರ್ ಹೊರಗ ಬಂದಾಗ ನಾವೆಲ್ಲಾ ಬಾಗಲದಾಗ ನಿಂತಿದ್ವಿ. "ಏನಂದ್ರು ರೀ ಡಾಕ್ಟರು?" ಅಂತ ಕೇಳಿದ್ವಿ. ಕಬ್ಬಿಣದ ಮನಷ್ಯಾ ಚೀಟಿ ಮಡಚಿ ಕಿಸೆದಾಗ ಇಟ್ಕೊಂಡ್ರು.

"ನನಗೇನಾಗೈತಿ? ನಮ್ಮ ಮನಿಯಾಕಿವು ಸ್ವಲ್ಪ ಟೊಳ್ಳಾಗ್ಯಾವಂತ. ನಾ ಹೇಳಿರಲಿಲ್ಲಾ? ಗುಳಿಗಿ ಬರಕೊಟ್ಟಾರ."

ಮನಿಗೆ ಹೋಗಿ ಹೆಂಡ್ತಿ ಮುಂದ ಏನರ ಒಂದು ಹೇಳಿ ಸರಿ ಮಾಡಿದ್ರಾತು ಅನ್ಕೊಂಡಿದ್ರಂತ ಪಾಪ. ಆದ್ರ ದನಿ ಹೇಳಿದ್ನಲ್ರಿ, ಹಿಂದಿನ ಓಣಿಗೆ ಕೇಳೂವಂಥಾದ್ದು. ಎದುರು ಮನಿ ಮುರಿಗೆವ್ವ, ನಮ್ಮ ಓಣಿಯ ಹಿರಿಯಾಕಿ, ಸರ್ ಮನಿ ಮುಟ್ಟೋ ಅಷ್ಟೊತ್ತಿಗೆ ದಾಕ್ಷಾಯಿಣಿ ಅಕ್ಕಾರನ್ನ ಖುರ್ಚಿ ಮ್ಯಾಲೆ ಕುಂದರಿಸಿ, ಬೆನ್ನಿಗೆ ದಿಂಬು ಕೊಟ್ಟು ಆಗಿತ್ತು.

"ಅಳ್ಳಾಡಬ್ಯಾಡವಾ ತಂಗಿ," ಅನ್ನಾಕತ್ತಿದ್ಲು ಮುರಿಗೆವ್ವ. "ನಮ್ಮ ತವರೂರು ಸುಳ್ಳದಾಗ ಒಬ್ಬಾಕಿದು ಹಿಂಗ ಟೊಳ್ಳಾಗಿತ್ತು. ಜೋರಾಗಿ ಸೀನಿದ್ಲು ನೋಡು, ಪಕ್ಕೆಲುಬು ಲಟಕ್ ಅಂತು."

ದಾಕ್ಷಾಯಿಣಿ ಅಕ್ಕಾರು ಗಂಡನ ಮುಖಾ ನೋಡಿದ್ರು. "ಹೌದೇನ್ರಿ?" ಅಂದ್ರು.

ಆವಾಗ ಹೇಳಬಹುದಿತ್ತು. ಮುರಿಗೆವ್ವ ಅಲ್ಲೇ ಕುಂತಿದ್ಲು, ಬಾಗಲದಾಗ ನಾವಿದ್ವಿ. ಸರ್ "ಅಂಜಬ್ಯಾಡ, ಗುಳಿಗಿ ತರ್ತೇನಿ" ಅಂದು ಚಪ್ಪಲಿ ಮೆಟ್ಕೊಂಡು ಹೊಂಟಬಿಟ್ರು.

ಮೆಡಿಕಲ್ ಅಂಗಡ್ಯಾಗ ಇರೋ ಹುಡುಗ ಅವರ ಹಳೇ ಸ್ಟೂಡೆಂಟು. ಗುಳಿಗಿ ಆರಿಸೋದರಾಗ ಸರ್ ಅಲ್ಲೇ ಒಂದು ಕ್ಲಾಸ್ ತಗೊಂಡ್ರು. ಕಾರ್ಬೋನೇಟ್ ಆದ್ರ ಊಟದ ಜೋಡಿ, ಸಿಟ್ರೇಟ್ ಆದ್ರ ಯಾವಾಗ ಬೇಕಾದಾವಾಗ, ಚಹಾದ ಜೋಡಿ ನುಂಗಿದ್ರ ದಂಡ ಅಂತ. ಅಂಗಡಿಗೆ ಕೆಮ್ಮಿನ ಔಷಧಕ್ಕ ಬಂದವರು ಕೆಮ್ಮಿಕೋಂತ ಕೇಳಿದ್ರು. ಕಡೀಕೆ ಹುಡುಗ, "ಸರ್, ಇದು ಮೇಡಂ ಅವರಿಗಲ್ರಿ?" ಅಂದ. "ಮತ್ತ್ಯಾರಿಗೆ? ನನಗೇನು?" ಅಂದ್ರು ಸರ್.

ಅಲ್ಲಿಂದ ಸುರು ಆತು ನೋಡ್ರಿ ಫಜೀತಿ. ಗುಳಿಗಿ ತಿನ್ನಬೇಕಾದವರು ಸರ್, ತಿನ್ನಾಕತ್ತಿದವರು ಅಕ್ಕಾರು. ಊಟ ಆದ ಕೂಡ್ಲೆ ಸರ್ ತಮ್ಮ ಕೈಲೆ ಹೆಂಡ್ತಿ ಅಂಗೈಯಾಗ ಗುಳಿಗಿ ಇಡೋರು. ಆಕಿ ನುಂಗೋ ತನಕಾ ಉಪವಾಸ ಇದ್ದವರು ಊಟದ ಪಂಕ್ತಿ ನೋಡಿದಂಗ ನೋಡೋರು. ಒಂದೆರಡು ಕದಿಬೇಕಂದ್ರ ಬಾಟ್ಲಿ ಅಕ್ಕಾರ ದಿಂಬಿನ ಬುಡಕ. ಇನ್ನೊಂದು ಬಾಟ್ಲಿ ಕೊಳ್ಳೋಣಂದ್ರ ಧಾರವಾಡದ ಪ್ರತಿ ಅಂಗಡ್ಯಾಗ ಒಬ್ಬ ಸ್ಟೂಡೆಂಟು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದ್ರು. ಗುರ್ತಿಲ್ಲದ ಅಂಗಡಿ ಹುಡುಕಿ ಒಳಗ ಕಾಲಿಟ್ರು. ಕೌಂಟರಿನ ಹಿಂದಿನಾಂವ ಎದ್ದು ನಿಂತು ಕಾಲಿಗೆ ಬಿದ್ದ.

"ಸರ್! ಗುರ್ತು ಸಿಗಲಿಲ್ಲೇನ್ರಿ? ಮೇಡಂ ಅವರ ಎಲುಬು ಹೆಂಗದಾವ್ರಿ ಈಗ? ನಮ್ಮ ಹಳೇ ಸ್ಟೂಡೆಂಟ್ಸ್ ವಾಟ್ಸಾಪ್ ಗ್ರೂಪಿನ್ಯಾಗ ನೋಡಿದೆ, ಭಾಳ ಕೆಟ್ಟ ಅನಿಸ್ತು."

ಸರ್ ಒಂದು ನೆಗಡಿ ಗುಳಿಗಿ ತಗೊಂಡು ವಾಪಸ್ ಬಂದ್ರು.

ಇನ್ನ ದಾಕ್ಷಾಯಿಣಿ ಅಕ್ಕಾರ ಸುದ್ದಿ. ಮೊದಲಿನ ಅಕ್ಕಾರನ್ನ ನೀವು ನೋಡಿದ್ರ ಗೊತ್ತಾಗ್ತಿತ್ತು. ತುಂಬಿದ ಗ್ಯಾಸ್ ಸಿಲಿಂಡರ್ ಒಂದ ಕೈಲೆ ಉಳ್ಳಿಸಿಕೋಂತ ಒಳಗ ಒಯ್ಯಾಕಿ. ಜ್ವಾಳದ ರೊಟ್ಟಿ ಬಡಿಯಾಕ ಕುಂತ್ಲು ಅಂದ್ರ ನಮ್ಮ ಮನ್ಯಾಗಿನ ಭಾಂಡೆ ನಡಗೋವು. ಶ್ರಾವಣದ ಕಡೀ ಸೋಮವಾರ ಮಠದಾಗ ದಾಸೋಹ ಆಗತೈತಿ. ಅವತ್ತ ಓಣಿ ಹೆಣ್ಮಕ್ಕಳೆಲ್ಲಾ ಹೋಗಿ ರೊಟ್ಟಿ ಬಡೀತಾರ. ನಡುವಿನ ಒಲಿ ಅಕ್ಕಾರದು. ಆ ಒಲಿ ಮುಂದ ಬ್ಯಾರೆ ಯಾರೂ ಕುಂತಿದ್ದಿಲ್ಲ, ಕುಂದ್ರೂ ಧೈರ್ಯಾನೂ ಇರಲಿಲ್ಲ.

ಈಗ ಆ ಹೆಣ್ಮಗಳು ಗ್ವಾಡಿ ಹಿಡದು ನಡಿಯಾಕತ್ತಿದ್ಲು. ಸೀನು ಬಂದ್ರ ಪಕ್ಕೆಲುಬು ಎರಡೂ ಕೈಲೆ ಅವುಚಿ ಹಿಡಿಯೋಳು. ಪಾವಟಿಗಿ ಇಳೀಬೇಕಂದ್ರ ಸಣ್ಣ ಕೂಸಿನಂಗ ಕುಂತು ಕುಂತು ಇಳಿಯೋಳು. ಈ ವರ್ಷ ದಾಸೋಹದಾಗ ಅಕ್ಕಾರು ಹೂವು ಬಿಡಿಸಿಕೋಂತ ಮೂಲ್ಯಾಗ ಕುಂದ್ರಲಿ, ನಡುವಿನ ಒಲಿ ಬ್ಯಾರೆಯವರಿಗೆ ಕೊಡೋಣು ಅಂತ ಮುರಿಗೆವ್ವ ಬಂದು ಹೇಳಿ ಹೋದ್ಲು. ಅವತ್ತ ಅಕ್ಕಾರು ನಮ್ಮ ಸಾರಾನ ಹೆಗಲ ಮ್ಯಾಲೆ ತಲಿ ಇಟ್ಟು ಅತ್ತಬಿಟ್ರು. "ಕೈ ಕಡದು ಬಾಜೂಕ ಇಟ್ಟಂಗ ಆಗೈತ್ರಿ ಅಕ್ಕಾ," ಅಂದ್ರು.

ಸರ್ ಅದನ್ನ ಒಳಗಿನಿಂದ ಕೇಳಿಸಿಕೊಂಡಿದ್ರು. ದಿನಾ ಮುಂಜಾನೆ ಇವತ್ತ ಹೇಳಿಬಿಡ್ತೇನಿ ಅಂತ ಎದ್ದು, ಸಂಜೀಕೆ ನಾಳೆ ಹೇಳಿದ್ರಾತು ಅಂತ ಮಲಗೋರಂತ. ನಾಚಿಕಿ ಹೆಂಗಿತ್ತಂದ್ರ ವಾಕಿಂಗಿನ್ಯಾಗೂ ನಮ್ಮ ಹಿಂದ ನಡಿಯಾಕತ್ರು, ಭಾಷಣ ಬಂದ್ ಆತು. ನಾವು, ಹೆಂಡ್ತಿ ಚಿಂತಿ ಹತ್ತೇತಿ ಪಾಪ, ಎಂಥಾ ಗಂಡ ಅಂತ ಹೊಗಳಿದ್ವಿ.

ಇಷ್ಟರಾಗ ಸರ್ ಹೆಂಡ್ತಿ ತವರಮನಿ ಅಮ್ಮಿನಬಾವಿಗೆ ಒಂದು ಕೆಲಸಕ್ಕ ಹೋದ್ರು. ಅಲ್ಲಿ ಅಕ್ಕಾರ ಅಣ್ಣನ ಮಗ ಬಸವಕಿರಣ ಎಮ್ಮಿ ಕಟ್ಯಾನ. ದನದ ಕೊಟಗ್ಯಾಗ ದೊಡ್ಡದೊಂದು ಬಿಳೀ ಕ್ಯಾನು ಇತ್ತು. ಮ್ಯಾಲೆ ಠಳಠಳ ಹೊಳಿಯೋ ಎಮ್ಮಿ ಚಿತ್ರ, ಬಾಜೂಕ "ಕ್ಯಾಲ್ಸಿಯಂ" ಅಂತ ಅಕ್ಷರ. ಹಾಲು ಕೊಡೋ ಎಮ್ಮಿಗೆ ಕುಡಸೋದು. ಸರ್ ಚಷ್ಮಾ ಹಾಕ್ಕೊಂಡು ಪೂರಾ ಓದಿದ್ರು. ಕ್ಯಾಲ್ಸಿಯಂ ಇತ್ತು, ರಂಜಕ ಇತ್ತು, ಡಿ ವಿಟಮಿನ್ನೂ ಇತ್ತು. ಅವರೊಳಗಿನ ಕೆಮಿಸ್ಟ್ರಿ ಎದ್ದು ಕುಂತಿತು. ಕ್ಯಾಲ್ಸಿಯಂ ಅಂದ್ರ ಕ್ಯಾಲ್ಸಿಯಂ, ಅದಕ್ಕೇನು ಎಮ್ಮಿ ಯಾವುದು, ಪ್ರಾಧ್ಯಾಪಕ ಯಾವುದು ಗೊತ್ತಾಗತೈತೇನು?

"ಒಂದು ಕ್ಯಾನು ನನಗ ಬೇಕಾಗಿತ್ತಲ್ಲೋ," ಅಂದ್ರು.

"ನಿಮಗ್ಯಾಕ್ರಿ ಮಾಮಾರ? ಎಮ್ಮಿ ತರಾಕತ್ತೀರೇನು?"

"ಹ್ಞಾಂ... ಒಬ್ರು ಗೆಳೆಯಾರಿಗೆ."

ತೊಡಿ ಮ್ಯಾಲೆ ಕ್ಯಾನು ಇಟ್ಕೊಂಡು, ಎಮ್ಮಿ ಚಿತ್ರಾ ಕಾಣಲಾರದಂಗ ಟವೆಲ್ ಹೊದಿಸಿಕೊಂಡು ಬಸ್ಸಿನ್ಯಾಗ ಬಂದ್ರು. ಓಣಿ ತಿರುವಿನ್ಯಾಗ ಟವೆಲ್ ಜಾರಿತು. ಕೊನೇ ಮನಿ ಶಾಯಿಸ್ತಾ, ನಿಂತು ನೋಡಿ, "ಸರ್, ಎಮ್ಮಿ ತಂದ್ರೇನ್ರಿ?" ಅಂದ್ಲು. ತರಲಿಲ್ಲ ಅಂದ್ರ ಇದು ಯಾರಿಗೆ ಅಂತ ಕೇಳ್ತಾಳ. ಸರ್ "ತರೋದೈತವಾ" ಅಂದುಬಿಟ್ರು.

ಸಂಜೀಮಟ ಶಾಯಿಸ್ತಾ ಎರಡು ಲೀಟರ್ ಹಾಲಿಗೆ ಹೇಳಿ ಹೋದ್ಲು. ಅವರ ಬಾಜೂ ಮನಿಯವರು ಮೊಸರಿಗೆ ಹೇಳಿದ್ರು. ನಾನೂ ಹೇಳಿದೆ, ಸುಳ್ಳ್ಯಾಕ? ಮನಿ ಮುಂದಿನ ಎಮ್ಮಿ ಹಾಲು ಯಾರಿಗೆ ಬ್ಯಾಡ್ರಿ? ಸರ್ ಎಲ್ಲಾರಿಗೂ "ಆಗಲಿ, ಆಗಲಿ" ಅಂತ ಗೋಣು ಹಾಕಿದ್ರು.

ಕ್ಯಾನು ಮಾಳಗಿ ಮ್ಯಾಲಿನ ನೀರಿನ ಟಾಕಿ ಹಿಂದ ಸೇರಿತು. ಎಮ್ಮಿ ತೂಕ ಎಷ್ಟು, ತಮ್ಮ ತೂಕ ಎಷ್ಟು ಅಂತ ಭಾಗಾಕಾರ ಮಾಡಿ, ತಮ್ಮ ಪಾಲಿಗೆ ಬಂದಷ್ಟನ್ನ ಸ್ಟೀಲ್ ವಾಟಿಗ್ಯಾಗ ಅಳದು, ದಿನಾ ಮುಂಜಾನೆ ಮೂಗು ಹಿಡದು ಕುಡಿಯಾಕತ್ರು. ಹೊಟ್ಟಿಗೆ ಭಾಗಾಕಾರ ತಿಳೀಲಿಲ್ಲ. ಕುಡದ ಸ್ವಲ್ಪ ಹೊತ್ತಿನ್ಯಾಗ ಹೊಟ್ಟಿ ಗುಡುಗುಡು ಅಂತ, ಅಲ್ಲಿಂದ ಒಂದು ತೇಗು ಏಳೋದು. ಅದು ಎಂಥಾ ತೇಗು ಅಂತೀರಿ! ಉದ್ದಕ್ಕ, ದಪ್ಪಗ, ಕಡೀಕೆ ಸ್ವಲ್ಪ ಮ್ಯಾಲೆ ಏರೋದು. ನಾವೆಲ್ಲಾ ಹಾಸಿಗ್ಯಾಗ ಎದ್ದು ಕುಂತು, "ಬಂತು ನೋಡು ಎಮ್ಮಿ," ಅಂದ್ವಿ.

ಎಮ್ಮಿ ಬಂದದ್ದು ಕೇಳಿ ಕಮರುದ್ದೀನಗ ಸಂಕಟ ಆತು. ನಮ್ಮ ಓಣಿಗೆ ಹಾಲು ಹಾಕಾಂವ ಅವನ, ಅವರಪ್ಪನ ಕಾಲದಿಂದ. ಸರ್ ಮನಿ ಮುಂದ ಗಾಡಿ ನಿಲ್ಲಿಸಿ, "ಪೆನ್ಶನ್ ಬರೋ ಮನಷ್ಯಾರು ನನ್ನ ಹೊಟ್ಟಿ ಮ್ಯಾಲೆ ಹೊಡೀತೀರೇನ್ರಿ ಸರ್?" ಅಂದ. ಸರ್ "ಹಂಗೇನಿಲ್ಲಪಾ" ಅಂದು ಒಳಗ ಓಡಿ ತೇಗಿದ್ರು. ಕಮರುದ್ದೀನ ಮಾಳಗಿ ಕಡೆ ನೋಡಿ, ಸೀದಾ ಪಾಲಿಕಿಗೆ ಹೋದ.

ದಾಸೋಹಕ್ಕ ಇನ್ನ ನಾಕು ದಿನ ಇತ್ತು, ಪಾಲಿಕಿ ಸಾಹೇಬ್ರು ಬಂದ್ರು. ಹಿಂದ ಕಮರುದ್ದೀನ, ಅವನ ಹಿಂದ ನಮ್ಮ ಓಣಿ. ಶಾಯಿಸ್ತಾ ಹಾಲು ಹಾಕಾಕತ್ತಾರ ಅನ್ಕೊಂಡು ತಂಬಿಗಿ ಹಿಡಕೊಂಡ ಬಂದಿದ್ಲು.

"ಎಮ್ಮಿ ಎಲ್ಲೈತ್ರಿ ಸರ್?" ಅಂದ್ರು ಸಾಹೇಬ್ರು.

"ಯಾವ ಎಮ್ಮಿ?"

"ಪರವಾನಗಿ ತಗೊಳ್ಳಲಾರದ ವಸತಿ ಜಾಗಾದಾಗ ಕಟ್ಟೀರಿ ಅಂತ ಕಂಪ್ಲೇಂಟ್ ಬಂದೈತ್ರಿ."

"ಎಮ್ಮಿ ಇಲ್ರಿ."

"ಇಲ್ಲಂದ್ರ?" ಮುರಿಗೆವ್ವ ಮುಂದ ಬಂದ್ಲು. "ದಿನಾ ಮುಂಜಾನೆ ಮಾಳಗಿ ಮ್ಯಾಲೆ ಒದರತೈತಿ. ನನ್ನ ಕಿವೀಲೆ ಕೇಳೇನಿ."

ಸಾಹೇಬ್ರು ಮಾಳಗಿ ಪಾವಟಿಗಿ ಅಗಲ ನೋಡಿದ್ರು. ಎಮ್ಮಿ ಅಗಲ ಮನಸಿನ್ಯಾಗ ಲೆಕ್ಕಾ ಹಾಕಿದ್ರು. ಆದ್ರ ಸರ್ಕಾರಿ ಮನಷ್ಯಾ, ನೋಡಲಾರದ ಹೆಂಗ ಬಿಡ್ತಾರ? ಬಚ್ಚಲ ನೋಡಿದ್ರು, ಹಿತ್ತಲ ನೋಡಿದ್ರು, ಮಾಳಗಿ ಹತ್ತಿದ್ರು. ಇಳಿಯೋ ಹೊತ್ತಿಗೆ ಒಂದು ಕೈಯಾಗ ಕ್ಯಾನು, ಇನ್ನೊಂದು ಕೈಯಾಗ ಸ್ಟೀಲ್ ವಾಟಿಗಿ ಇದ್ವು.

"ಅರ್ಧಾ ಖಾಲಿ ಆಗೇತ್ರಿ ಇದು. ಎಮ್ಮಿ ಇಲ್ಲಂದ್ರ ಕುಡದವರು ಯಾರು?"

"ಗಿಡಕ್ಕ ಹಾಕ್ತೇನ್ರಿ," ಅಂದ್ರು ಸರ್.

"ಗಿಡ ಎಲ್ಲದಾವು?"

ಎಲ್ಲಾರೂ ಅಂಗಳ ನೋಡಿದ್ವಿ. ಒಂದು ಕುಂಡ್ಯಾಗ ಒಣಗಿದ ಮಲ್ಲಿಗಿ ಕಡ್ಡಿ ನಿಂತಿತ್ತು.

"ಅಮ್ಮಿನಬಾವಿಗೆ ಸಾಗಿಸ್ಯಾರ ಸಾಹೇಬ್ರ," ಅಂದ ಕಮರುದ್ದೀನ. "ಸುಳಿವು ಹತ್ತೇತಿ, ರಾತೋರಾತ್ರಿ ಹೊಡಕೊಂಡು ಹೋಗ್ಯಾರ."

ಗದ್ದಲ ಕೇಳಿ ಮ್ಯಾಲಿನ ಖೋಲ್ಯಾಗಿದ್ದ ದಾಕ್ಷಾಯಿಣಿ ಅಕ್ಕಾರು ಹೊರಗ ಬಂದ್ರು. ಇಡೀ ಓಣಿ ಮುಂದ, ಒಂದೊಂದ ಪಾವಟಿಗಿ ಮ್ಯಾಲೆ ಕುಂತು, ಸೀರಿ ಅವುಚಿ ಹಿಡದು ಇಳದ್ರು. ಯಾರೂ ನಗಲಿಲ್ಲ. ಕೆಳಗ ಬಂದು, ಗ್ವಾಡಿ ಹಿಡದು ಎದ್ದು ನಿಂತು ಕೈ ಮುಗದ್ರು.

"ಸಾಹೇಬ್ರ, ನಮ್ಮವರು ಸುಳ್ಳು ಹೇಳೋ ಪೈಕಿ ಅಲ್ರಿ. ಜನ್ಮ ಪೂರ್ತಿ ಮಕ್ಕಳಿಗೆ ಪಾಠ ಹೇಳಿದವರು. ಅವರು ಎಮ್ಮಿ ಇಲ್ಲ ಅಂದ್ರ ಇಲ್ರಿ. ನನ್ನ ಮಾತು ನಂಬ್ರಿ."

ಶಾಂತಯ್ಯ ಸರ್ ಮುಖಾ ನಾ ಅವತ್ತ ನೋಡಿದಂಗ ಎಂದೂ ನೋಡಿಲ್ಲ. ಕಿವಿ ತುದಿಮಟಾ ಕೆಂಪಾದ್ರು. ಬೆವತ್ರು.

"ಎಮ್ಮಿ ನಾನ ರೀ ಸಾಹೇಬ್ರ," ಅಂದ್ರು.

ಜೀವಮಾನದಾಗ ಮೊದಲನೇ ಸಲ ಸಣ್ಣ ದನೀಲೆ ಮಾತಾಡಿದ್ರು. ಹಿಂಗಾಗಿ ಯಾರಿಗೂ ಕೇಳಲಿಲ್ಲ. "ಜೋರಾಗಿ ಹೇಳ್ರಿ," ಅಂದ್ರು ಸಾಹೇಬ್ರು.

"ನಾನ ಕುಡೀತೇನ್ರಿ ಅದನ್ನ! ಎಲುಬು ಟೊಳ್ಳಾಗಿದ್ದು ಇಕೀವಲ್ಲ, ನನ್ನವು. ಡಾಕ್ಟರು ಗುಳಿಗಿ ಹೇಳಿದ್ದು ನನಗ. ಎಲ್ಲಾರ ಮುಂದ ಹೇಳಾಕ ನಾಚಿಕಿ ಆತು, ಇಕಿ ಹೆಸರು ಹೇಳಿದೆ. ನನ್ನ ಗುಳಿಗಿ ಇಕಿ ತಿಂದ್ಲು, ನಾ ಎಮ್ಮಿದು ಕುಡದೆ."

ಮುರಿಗೆವ್ವ ತಡೀಲಾರದ ಕೇಳಿದ್ಲು: "ಹಂಗಾರ ಮುಂಜಾನೆ ಒದರತಿದ್ದದ್ದು?"

"ಅದೂ ನಾನ ಅವ್ವಾ. ತೇಗು."

ಇಷ್ಟೊತ್ತು ತಡಕೊಂಡಿದ್ದ ನಗು ಅವಾಗ ಒಡೀತು. ನಾನೂ ನಕ್ಕೆ, ಸಾರಾ ನನ್ನ ಚಿವುಟಿದ್ಲು. ಶಾಯಿಸ್ತಾ ತಂಬಿಗಿ ನೋಡ್ಕೊಂಡು, "ಹಂಗಾರ ನಾಳೆಯಿಂದ ಹಾಲು?" ಅಂದ್ಲು. "ನಾ ಇದ್ದೇನಲ್ಲಬೇ!" ಅಂದ ಕಮರುದ್ದೀನ, ಖುಷೀಲೆ ಸರ್ ಕೈ ಕುಲುಕಿದ. ಸಾಹೇಬ್ರು ಮಾತ್ರ ನಗಲಿಲ್ಲ. "ಎಮ್ಮಿ ಸಿಗಲಿಲ್ಲ ಅಂತ ಬರದು ಮುಗಿಸ್ತೇನ್ರಿ ಸರ್. ಇದು ಮನಷ್ಯಾರು ಕುಡಿಯೋದಲ್ಲ, ಮೊದಲ ದವಾಖಾನಿಗೆ ಹೋಗ್ರಿ," ಅಂದು, ಕ್ಯಾನು ಜೋಡಿ ಒಯ್ದ್ರು.

ಮಂದಿ ಕರಗಿತು. ನಾನೂ ಸಾರಾನೂ ಹೊಂಟಿದ್ವಿ, ಖರೇ ಕಾಲು ಏಳಲಿಲ್ಲ. ಅಕ್ಕಾರು ಗ್ವಾಡಿ ಬಿಟ್ಟು ನೆಟ್ಟಗ ನಿಂತಿದ್ರು.

"ಹಂಗಾರ ನನ್ನ ಎಲುಬು?"

"ಇಪ್ಪತ್ತರ ಹುಡುಗಿಯವು ಇದ್ದಂಗ ಅದಾವಂತ," ಅಂದ್ರು ಸರ್, ನೆಲಾ ನೋಡ್ಕೋಂತ.

"ಸೀನಾಕ ಅಂಜಿ ಸತ್ತೇನ್ರಿ ನಾ. ನನ್ನ ಒಲಿ ಬ್ಯಾರೆಯವರಿಗೆ ಕೊಟ್ರು, ನೀವು ನೋಡ್ಕೋಂತ ಕುಂತ್ರಿ. ಅದೂ ಹೋಗ್ಲಿ. ಆವತ್ತಿನಿಂದ ಈಚೆ ರಸ್ತಾ ದಾಟುವಾಗ ನನ್ನ ಕೈ ಹಿಡೀತಿದ್ರಿ. ಲಗ್ನ ಆದಾಗಿನಿಂದ ಒಂದು ದಿನ ಹಿಡದವರಲ್ಲ. ರೋಗ ಬಂದ್ರ ಬರವಲ್ದ್ಯಾಕ, ಇವರು ಕೈ ಹಿಡದ್ರಲ್ಲಾ ಅಂತ ಒಳಗೊಳಗ ಖುಷಿ ಪಟ್ಟಿದ್ದೆ. ಅದೂ ನಾಟಕನ ಏನ್ರಿ?"

ಮೂರು ಹೊತ್ತೂ ಉತ್ತರ ಇರೋ ಮನಷ್ಯಾ ಅಲ್ಲೇ ಪಾವಟಿಗಿ ಮ್ಯಾಲೆ ಕುಸದು, ಟವೆಲ್ಲಿನ್ಯಾಗ ಮುಖಾ ಮುಚ್ಚಿಕೊಂಡ್ರು. ನಾವು ಸಪ್ಪಳ ಮಾಡಲಾರದ ಹೊರಗ ಬಂದ್ವಿ.

ಮರುದಿನ ಡಾಕ್ಟರ್ ಸೆಲಿನಾ ರಕ್ತ ತಪಾಸ್ ಮಾಡ್ಸಿ, ಏನೂ ಕೆಟ್ಟಿಲ್ಲ ಅಂತ ನೋಡಿ, ಆಮ್ಯಾಲೆ ಸರ್‌ನ ಮನಸಾರೆ ಬೈದು ಕಳಿಸಿದ್ಲು. ಗುಳಿಗಿ ಬಾಟ್ಲಿ ಅಕ್ಕಾರ ದಿಂಬಿನಿಂದ ಸರ್ ದಿಂಬಿಗೆ ಬಂತು. ಅಕ್ಕಾರು ಮಾತ್ರ ಮಾತು ಬಿಟ್ಟಿದ್ರು. ತಾಟು ಇಡೋರು, ನೀರು ಇಡೋರು, ಬಾಯಿ ತಗೀತಿರಲಿಲ್ಲ. ಸರ್ ಓಣ್ಯಾಗ ಯಾರಿಗೂ ಮುಖಾ ತೋರಿಸಲಾರದ ಕಿಡಕಿ ಪರದೆ ಎಳಕೊಂಡು ಕುಂತ್ರು.

ಸೋಮವಾರ ಮುಂಜಾನೆ ಓಣಿ ಹೆಣ್ಮಕ್ಕಳೆಲ್ಲಾ ಮಠಕ್ಕ ಹೊಂಟ್ರು. ಎಲ್ಲಾರಿಗಿಂತ ಮುಂದ ದಾಕ್ಷಾಯಿಣಿ ಅಕ್ಕಾರು, ಸೆರಗು ಸಿಗಿಸಿ, ಬಗಲಾಗ ಜ್ವಾಳದ ಹಿಟ್ಟಿನ ಚೀಲ. ನಡುವಿನ ಒಲಿ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಭಾಳ ಹಿಂದ ಶಾಂತಯ್ಯ ಸರ್, ಗ್ವಾಡಿ ಗುಂಟ. ನಾನೂ ಸಾರಾನೂ ಅವರ ಜೋಡಿ ಇದ್ವಿ.

ದೊಡ್ಡ ರಸ್ತಾ ಬಂತು. ಅಕ್ಕಾರು ಯಾರ ಕಡೆಗೂ ನೋಡದ ಸರಸರ ದಾಟಿ ಆಚೆ ಕಡೆ ಮುಟ್ಟಿದ್ರು. ಸರ್ ಈಚೆ ಕಡೆನ ಉಳದ್ರು. ಒಂದು ಹೆಜ್ಜಿ ಮುಂದ ಇಡೋರು, ಸ್ಕೂಟರ್ ಬಂದ್ರ ಹಿಂದ ಸರಿಯೋರು. ಬೀಳದಂಗ ನೋಡ್ಕೋರಿ ಅಂತ ಡಾಕ್ಟರು ಹೇಳಿದ್ಲಲ್ಲ. ನಾ ಕೈ ಕೊಡಾಕ ಹೋದೆ, ಸಾರಾ ನನ್ನ ಅಂಗಿ ಹಿಡದು ಜಗ್ಗಿದ್ಲು.

ಅಕ್ಕಾರು ಆಚೆ ಕಡೆ ನಿಂತು ಸ್ವಲ್ಪ ಹೊತ್ತು ನೋಡಿದ್ರು. ಹಿಟ್ಟಿನ ಚೀಲ ಮುರಿಗೆವ್ವನ ಕೈಯಾಗ ಕೊಟ್ಟು, ವಾಪಸ್ ದಾಟಿ ಬಂದ್ರು. ಸರ್ ಕೈ ಗಪ್ಪನ ಹಿಡದ್ರು, ನಡುರಸ್ತಾಕ್ಕ ಇಳದ್ರು, ಇನ್ನೊಂದು ಕೈ ಮ್ಯಾಲೆತ್ತಿ ಬಸ್ಸು, ಆಟೋ, ಕಾಲೇಜಿನ ಹುಡುಗರ ಬೈಕು ಎಲ್ಲಾ ನಿಲ್ಲಿಸಿದ್ರು.

"ಸಾವಕಾಶ ಹೊಡೀರೆಪಾ!" ಅಂತ ಸಪ್ತಾಪುರಕ್ಕೆಲ್ಲಾ ಕೇಳೂವಂಗ ಒದರಿದ್ರು. "ನಮ್ಮ ಯಜಮಾನ್ರ ಎಲುಬು ಟೊಳ್ಳಾಗ್ಯಾವು!"

ಬೈಕಿನ ಮ್ಯಾಲಿನ ಒಂದಿಬ್ಬರು ಹೆಲ್ಮೆಟ್ ತಗದು "ನಮಸ್ಕಾರ್ರಿ ಸರ್" ಅಂದ್ರು. ಸರ್ ತಲಿ ಎತ್ತಲಿಲ್ಲ. ಹೆಂಡ್ತಿ ಕೈ ಗಟ್ಟಿಯಾಗಿ ಹಿಡಕೊಂಡು, ಆಕಿ ಎಳದಂಗ ಆಚೆ ಕಡೆ ಹೋದ್ರು.